ಮುಗಿಯದ ಕಾರ್ಟೂನು: ಹೊಡೆದಾಟದ ವಿಡಿಯೋ ಗೇಮ್ ಮತ್ತು ಮಕ್ಕಳ ಆರೋಗ್ಯ

ಮಗ್ರಿಬ್ ನಮಾಝ್ ಮುಗಿದಿದೆ. ಅಡುಗೆಮನೆಯಲ್ಲಿ ರೊಟ್ಟಿ ಬೇಯುತ್ತಿದೆ. ಒಳಕೋಣೆಯಿಂದ ಧಡಾರ್ ಎಂಬ ಸದ್ದು, ಅದರ ಹಿಂದೆಯೇ ಮಕ್ಕಳ ನಗು. ಉಮ್ಮ ಬಾಗಿಲಲ್ಲಿ ಇಣುಕಿ ನೋಡುತ್ತಾರೆ. ಪರದೆಯ ಮೇಲೆ ಟಾಮ್ ಬೆಕ್ಕು, ಜೆರ್ರಿ ಇಲಿ. "ಓ, ಕಾರ್ಟೂನಾ?" ಎಂದು ಸಮಾಧಾನದಿಂದ ಒಲೆಯ ಕಡೆಗೆ ಮರಳುತ್ತಾರೆ. ಇಶಾ ಬಾಂಗ್ ಆಗುತ್ತದೆ. ಊಟಕ್ಕೆ ಕರೆದರೆ "ಇನ್ನೊಂದೇ ಒಂದು ಉಮ್ಮ" ಎಂಬ ಉತ್ತರ. ಹತ್ತು ನಿಮಿಷ ಬಿಟ್ಟು ಕರೆದರೂ ಅದೇ ಉತ್ತರ. ಮೂರನೆಯ ಸಲ ಉಪ್ಪ ಎದ್ದು ಹೋಗಿ ಸ್ವಿಚ್ಚು ಆರಿಸಿದಾಗ, ಇಷ್ಟು ಹೊತ್ತು ನಗುತ್ತಿದ್ದ ಹುಡುಗ ಕಿರುಚುತ್ತಾನೆ, ಬಾಗಿಲನ್ನು ಬಡಿದು ಹಾಕುತ್ತಾನೆ, ಊಟ ಬೇಡವೆಂದು ಮಲಗುತ್ತಾನೆ.

ಇದು ಒಂದು ಮನೆಯ ಕಥೆಯಲ್ಲ, ನಮ್ಮ ಬಹಳಷ್ಟು ಮನೆಗಳಲ್ಲಿ ಕಾಣುವ ಸಂಜೆ. ಉಮ್ಮ ನೋಡಿದ್ದು ಕಾರ್ಟೂನಿನ ಮುಖವನ್ನು. ಹುಡುಗನ ಕೈಯಲ್ಲಿದ್ದದ್ದು ಬೇರೆಯೇ ಒಂದು ವಸ್ತು. ಈ ಎರಡರ ನಡುವಿನ ವ್ಯತ್ಯಾಸ ತಿಳಿದರೆ ಮಕ್ಕಳ ಕಣ್ಣು, ನಿದ್ದೆ, ಕೈಕಾಲು ಮತ್ತು ಮನಸ್ಸನ್ನು ಕಾಪಾಡುವುದು ಸುಲಭ. ಈ ತಿಂಗಳ ಪಾಠ ಅದರ ಬಗ್ಗೆ.

ಇದು ಯಾವ ಆಟ?

ಉದಾಹರಣೆಗೆ ಒಂದು ಆಟವನ್ನೇ ತೆಗೆದುಕೊಳ್ಳೋಣ. ಅದರ ಹೆಸರು ಮಲ್ಟಿವರ್ಸಸ್. ಅಮೆರಿಕದ ವಾರ್ನರ್ ಬ್ರದರ್ಸ್ ಕಂಪೆನಿ ಇದನ್ನು ಹೊರತಂದಿತು. ಸಿದ್ಧಪಡಿಸಿದ್ದು ಪ್ಲೇಯರ್ ಫಸ್ಟ್ ಗೇಮ್ಸ್ ಎಂಬ ಸಂಸ್ಥೆ. 2022ರ ಜುಲೈಯಲ್ಲಿ ಪ್ರಾಯೋಗಿಕವಾಗಿ ಎಲ್ಲರಿಗೂ ತೆರೆದ ಈ ಆಟ 2023ರ ಜೂನ್‌ನಲ್ಲಿ ನಿಂತು, 2024ರ ಮೇ 28ರಂದು ಪೂರ್ಣ ರೂಪದಲ್ಲಿ ಮತ್ತೆ ಬಂತು. ಮೊಬೈಲಿನಲ್ಲಿ ಅಲ್ಲ, ಕಂಪ್ಯೂಟರ್, ಪ್ಲೇಸ್ಟೇಷನ್ ಮತ್ತು ಎಕ್ಸ್‌ಬಾಕ್ಸ್‌ಗಳಲ್ಲಿ ಆಡುವ ಆಟ ಇದು.

ಇದರಲ್ಲಿ ಬರುವವರೆಲ್ಲ ನಮಗೂ ಪರಿಚಿತರು. 1940ರಲ್ಲಿ ವಿಲಿಯಂ ಹನ್ನಾ ಮತ್ತು ಜೋಸೆಫ್ ಬಾರ್ಬೆರಾ ಸೃಷ್ಟಿಸಿದ ಟಾಮ್ ಮತ್ತು ಜೆರ್ರಿ ಇದ್ದಾರೆ. ಅದೇ ವರ್ಷ ತೆರೆಗೆ ಬಂದ ಬಗ್ಸ್ ಬನ್ನಿ ಎಂಬ ಮೊಲ ಇದೆ. ಸುಂಟರಗಾಳಿಯಂತೆ ಸುತ್ತುವ ಟಾಜ್ ಇದ್ದಾನೆ. 1969ರ ಸ್ಕೂಬಿ ಡೂ ಸರಣಿಯ ಶ್ಯಾಗಿ ಮತ್ತು ವೆಲ್ಮಾ ಇದ್ದಾರೆ. ಸೂಪರ್‌ಮ್ಯಾನ್, ಬ್ಯಾಟ್‌ಮ್ಯಾನ್ ಕೂಡ ಇದ್ದಾರೆ. ಭಾರತಕ್ಕೆ ಕಾರ್ಟೂನ್ ನೆಟ್‌ವರ್ಕ್ ವಾಹಿನಿ ಬಂದದ್ದು 1995ರಲ್ಲಿ. ಇಂದು ಹೆತ್ತವರಾಗಿರುವ ಅನೇಕರು ಶಾಲೆಯಿಂದ ಬಂದು ಚೀಲ ಬಿಸಾಡಿ ನೋಡುತ್ತಿದ್ದದ್ದು ಇವರನ್ನೇ. ಆದ್ದರಿಂದಲೇ ಈ ಮುಖಗಳನ್ನು ಕಂಡಾಗ ನಮಗೆ ಭಯವಾಗುವುದಿಲ್ಲ.

ಆಟದ ಕ್ರಮ ಹೀಗಿದೆ. ಒಂದು ಅಟ್ಟದಂಥ ವೇದಿಕೆ. ಹೆಚ್ಚಾಗಿ ಇಬ್ಬರ ಒಂದು ತಂಡ, ಎದುರಿಗೆ ಇಬ್ಬರ ಇನ್ನೊಂದು ತಂಡ. ಪ್ರತಿಯೊಬ್ಬರೂ ಒಂದೊಂದು ಪಾತ್ರವನ್ನು ಆರಿಸಿಕೊಂಡು ಹೊಡೆದಾಡಬೇಕು. ಪೆಟ್ಟು ಬಿದ್ದಷ್ಟೂ ಆ ಪಾತ್ರದ ಬಳಿ ತೋರುವ ಅಂಕೆ ಏರುತ್ತದೆ. ಅಂಕೆ ಏರಿದಷ್ಟೂ ಮುಂದಿನ ಪೆಟ್ಟಿಗೆ ಆ ಪಾತ್ರ ದೂರ ಹಾರಿಹೋಗುತ್ತದೆ. ಎದುರಾಳಿಯನ್ನು ವೇದಿಕೆಯ ಆಚೆ ತಳ್ಳಿದರೆ ಗೆಲುವಿನತ್ತ ಒಂದು ಹೆಜ್ಜೆ. ರಕ್ತ ಕಾಣುವುದಿಲ್ಲ. ಬಗ್ಸ್ ಬನ್ನಿ ತಿಜೋರಿ ಬೀಳಿಸುತ್ತದೆ, ಟಾಮ್ ಮತ್ತು ಜೆರ್ರಿ ತಾವಿಬ್ಬರೇ ಕಚ್ಚಾಡುತ್ತಾ ಎದುರಾಳಿಗೂ ಪೆಟ್ಟು ಕೊಡುತ್ತಾರೆ. ಎದುರಾಳಿ ಪಕ್ಕದಲ್ಲೇ ಕುಳಿತ ತಮ್ಮನಾಗಿರಬಹುದು, ಬೇರೆ ದೇಶದ ಯಾರೋ ಅಪರಿಚಿತನೂ ಆಗಿರಬಹುದು.

ಈ ಬಗೆಯ ಆಟ ಹೊಸದೇನಲ್ಲ. ಜಪಾನಿನ ನಿಂಟೆಂಡೊ ಕಂಪೆನಿ 1999ರಲ್ಲಿ ಸೂಪರ್ ಸ್ಮ್ಯಾಶ್ ಬ್ರದರ್ಸ್ ತಂದಾಗಿನಿಂದ ಇದು ಜನಪ್ರಿಯ. 2021ರಲ್ಲಿ ನಿಕಲೋಡಿಯನ್ ವಾಹಿನಿಯ ಪಾತ್ರಗಳ ಹೊಡೆದಾಟದ ಆಟವೂ ಬಂತು. ಮೊಬೈಲಿನಲ್ಲಿ ಬ್ರಾಲ್‌ಹಾಲಾದಂಥ ಆಟಗಳು ಇದೇ ಮಾದರಿಯವು. ಹೆಸರು ಯಾವುದಾದರೂ ಮುಂದಿನ ಮಾತುಗಳು ಎಲ್ಲದಕ್ಕೂ ಅನ್ವಯಿಸುತ್ತವೆ.

ಏಳು ನಿಮಿಷದ ಕಾರ್ಟೂನು, ಕೊನೆಯಿಲ್ಲದ ಆಟ

ಹಳೆಯ ಟಾಮ್ ಆಂಡ್ ಜೆರ್ರಿ ಚಿತ್ರ ಒಂದೊಂದೂ ಸುಮಾರು ಏಳು ನಿಮಿಷದ್ದು. ಓಟ, ಪೆಟ್ಟು, ನಗು, ಆಮೇಲೆ "ಮುಗಿಯಿತು" ಎಂಬ ಫಲಕ. ಮಗು ಸುಮ್ಮನೆ ನೋಡುತ್ತಿತ್ತು. ಮುಗಿಸುವ ಕೆಲಸವನ್ನು ಚಿತ್ರವೇ ಮಾಡುತ್ತಿತ್ತು.

ಆಟದಲ್ಲಿ ಒಂದೊಂದು ಪಂದ್ಯಕ್ಕೆ ಕೆಲವೇ ನಿಮಿಷ ಸಾಕು. ಆದರೆ ಪಂದ್ಯ ಮುಗಿದ ತಕ್ಷಣ ಮುಂದಿನ ಪಂದ್ಯದ ಗುಂಡಿ ಕಣ್ಣ ಮುಂದೆಯೇ ಇರುತ್ತದೆ. ಸೋತವನಿಗೆ ಸೇಡು ತೀರಿಸಿಕೊಳ್ಳುವ ಆಸೆ, ಗೆದ್ದವನಿಗೆ ಮತ್ತೆ ಗೆಲ್ಲುವ ಆಸೆ. ದಿನದ ಕೆಲಸ ಮುಗಿಸಿದರೆ ಬಹುಮಾನ, ಇಷ್ಟು ವಾರದೊಳಗೆ ಇಷ್ಟು ಮೆಟ್ಟಿಲು ಏರಿದರೆ ಹೊಸ ಉಡುಪು. ಮುಂದಿನ ಸಲ ಗೆಲುವೋ ಸೋಲೋ ಗೊತ್ತಿಲ್ಲ, ಆ ಅನಿಶ್ಚಿತತೆಯೇ ಮನಸ್ಸನ್ನು ಹಿಡಿದು ಕೂರಿಸುತ್ತದೆ. ದೊಡ್ಡವರಾದ ನಾವೇ ಮೊಬೈಲಿನಲ್ಲಿ ಒಂದಾದ ಮೇಲೊಂದು ತುಣುಕು ವಿಡಿಯೋ ನೋಡುತ್ತಾ ಒಲೆಯ ಮೇಲಿನ ಹಾಲು ಉಕ್ಕಿಸಿದ್ದುಂಟು. ಇನ್ನು ಹತ್ತು ಹನ್ನೆರಡು ವರ್ಷದ ಮಗುವಿಗೆ ತನ್ನನ್ನು ತಾನೇ ನಿಲ್ಲಿಸಿಕೊಳ್ಳುವುದು ಎಷ್ಟು ಕಷ್ಟವೆಂದು ಯೋಚಿಸಿ. ಆ ವಯಸ್ಸಿನಲ್ಲಿ ಆಸೆಗೆ ಕಡಿವಾಣ ಹಾಕುವ ಮೆದುಳಿನ ಮುಂಭಾಗ ಇನ್ನೂ ಬೆಳೆಯುತ್ತಿರುತ್ತದೆ.

ಆದ್ದರಿಂದ ಪಾಠದ ಮೊದಲ ಮಾತು ಇದು: ಆಟ ತಾನಾಗಿ ಮುಗಿಯುವುದಿಲ್ಲ. ಮುಗಿಸುವ ವ್ಯವಸ್ಥೆಯನ್ನು ಮನೆಯೇ ಮಾಡಬೇಕು.

ಕಣ್ಣಿಗೆ ಏನಾಗುತ್ತದೆ?

ಸಾಮಾನ್ಯವಾಗಿ ನಾವು ನಿಮಿಷಕ್ಕೆ ಸುಮಾರು 15 ಸಲ ಕಣ್ಣು ಮಿಟುಕಿಸುತ್ತೇವೆ. ಪರದೆಯನ್ನು ತದೇಕಚಿತ್ತದಿಂದ ನೋಡುವಾಗ ಇದು ಬಹಳ ಕಡಿಮೆಯಾಗುತ್ತದೆ. ಹೊಡೆದಾಟದ ಆಟದಲ್ಲಿ ಕಣ್ಣು ಮಿಟುಕಿಸುವಷ್ಟರಲ್ಲಿ ಪೆಟ್ಟು ಬಿದ್ದಿರುತ್ತದೆ, ಹಾಗಾಗಿ ಮಗು ಮಿಟುಕಿಸುವುದನ್ನೇ ಮರೆಯುತ್ತದೆ. ಕಣ್ಣೀರಿನ ತೆಳುಪೊರೆ ಒಣಗಿ ಉರಿ, ಕೆಂಪು, ಮರಳು ಬಿದ್ದಂಥ ಕಿರಿಕಿರಿ ಉಂಟಾಗುತ್ತದೆ. ಮಗು ಕಣ್ಣು ಉಜ್ಜಿಕೊಳ್ಳುತ್ತದೆ. ಕೊಳೆ ಕೈಯಿಂದ ಉಜ್ಜಿದರೆ ಸೋಂಕಿಗೂ ದಾರಿ.

ಇನ್ನೊಂದು ತೊಂದರೆ ನಿಧಾನವಾಗಿ ಬರುತ್ತದೆ. ದೂರದ ಅಕ್ಷರ ಮಂಜಾಗಿ ಕಾಣುವ ಸಮೀಪದೃಷ್ಟಿ ಜಗತ್ತಿನೆಲ್ಲೆಡೆ ಮಕ್ಕಳಲ್ಲಿ ಹೆಚ್ಚುತ್ತಿದೆ. ಹೊತ್ತುಗಟ್ಟಲೆ ಹತ್ತಿರದ ವಸ್ತುವನ್ನೇ ನೋಡುವುದು ಮತ್ತು ಹಗಲು ಬೆಳಕಿನಲ್ಲಿ ಹೊರಗೆ ಇರದಿರುವುದು ಇದಕ್ಕೆ ಕಾರಣಗಳಲ್ಲಿ ಸೇರಿವೆ. ದಿನಕ್ಕೆ ಸುಮಾರು ಎರಡು ಗಂಟೆ ಹೊರಗಿನ ಬೆಳಕಿನಲ್ಲಿ ಕಳೆಯುವ ಮಕ್ಕಳಲ್ಲಿ ಸಮೀಪದೃಷ್ಟಿ ಶುರುವಾಗುವ ಸಾಧ್ಯತೆ ಕಡಿಮೆ ಎಂದು ಅಧ್ಯಯನಗಳು ತೋರಿಸಿವೆ. ಇದಕ್ಕೆ ಖರ್ಚಿಲ್ಲ. ಅಸರ್ ಬಳಿಕ ಮಗ್ರಿಬ್‌ವರೆಗೆ ಅಂಗಳದಲ್ಲೋ ಮೈದಾನದಲ್ಲೋ ಆಡಲು ಬಿಟ್ಟರೆ ಸಾಕು. ನಮ್ಮ ಹುಡುಗಿಯರಿಗೂ ಈ ಅವಕಾಶ ಸಿಗಬೇಕು. ಕಣ್ಣು ಗಂಡುಮಕ್ಕಳಿಗೆ ಮಾತ್ರ ಇರುವುದಲ್ಲ.

ಆಡುವಾಗ ಪ್ರತಿ 20 ನಿಮಿಷಕ್ಕೊಮ್ಮೆ, 20 ಅಡಿ ದೂರದ ವಸ್ತುವನ್ನು, 20 ಸೆಕೆಂಡು ನೋಡುವ ಅಭ್ಯಾಸ ಮಾಡಿಸಿ. ಕೋಣೆಯ ದೀಪ ಉರಿಯುತ್ತಿರಲಿ. ಕತ್ತಲಲ್ಲಿ ಪರದೆ ನೋಡುವುದು ಬೇಡ. ಮಗು ಕಪ್ಪುಹಲಗೆ ಕಾಣುವುದಿಲ್ಲ ಎಂದರೆ, ಕಣ್ಣು ಕಿರಿದು ಮಾಡಿ ನೋಡಿದರೆ ಅಥವಾ ಟಿವಿಯ ಹತ್ತಿರ ಹತ್ತಿರ ಹೋಗುತ್ತಿದ್ದರೆ ಗದರದೆ ಕಣ್ಣಿನ ವೈದ್ಯರಲ್ಲಿ ಕರೆದೊಯ್ಯಿರಿ.

ಮಿಂಚುವ ಬೆಳಕಿನ ಎಚ್ಚರಿಕೆ

1997ರ ಡಿಸೆಂಬರ್ 16ರಂದು ಜಪಾನಿನಲ್ಲಿ ಪೋಕೆಮಾನ್ ಕಾರ್ಟೂನಿನ ಒಂದು ಕಂತು ಪ್ರಸಾರವಾಯಿತು. ಅದರಲ್ಲಿ ಕೆಂಪು ಮತ್ತು ನೀಲಿ ಬೆಳಕು ಅತಿ ವೇಗವಾಗಿ ಮಿಂಚುವ ದೃಶ್ಯವೊಂದಿತ್ತು. ಅದನ್ನು ನೋಡುತ್ತಿದ್ದ 600ಕ್ಕೂ ಹೆಚ್ಚು ಜನರನ್ನು, ಹೆಚ್ಚಾಗಿ ಮಕ್ಕಳನ್ನು, ಆಸ್ಪತ್ರೆಗೆ ಕರೆದೊಯ್ಯಬೇಕಾಯಿತು. ಕೆಲವರಿಗೆ ಅಪಸ್ಮಾರದ ಸೆಳವು ಬಂದಿತ್ತು, ಉಳಿದವರಿಗೆ ತಲೆಸುತ್ತು, ವಾಂತಿ.

ಇದು ಅಪರೂಪ. ಅಪಸ್ಮಾರ ಇರುವವರಲ್ಲಿ ಸುಮಾರು 100ರಲ್ಲಿ 3 ಮಂದಿಗೆ ಮಾತ್ರ ಮಿಂಚುವ ಬೆಳಕಿನಿಂದ ಸೆಳವು ಬರುತ್ತದೆ. ಆದರೆ ಮಕ್ಕಳು ಮತ್ತು ಹದಿಹರೆಯದವರಲ್ಲಿ ಇದು ಹೆಚ್ಚು. ಹೊಡೆದಾಟದ ಆಟಗಳಲ್ಲಿ ಸ್ಫೋಟ, ಮಿಂಚು ಸಾಮಾನ್ಯ. ಆಟ ಶುರುವಾಗುವಾಗ ಪರದೆಯಲ್ಲಿ ಬರುವ ಎಚ್ಚರಿಕೆಯನ್ನು ಮಕ್ಕಳು ಓದದೆ ದಾಟಿಸುತ್ತಾರೆ, ನೀವು ಓದಿ. ಮನೆಯಲ್ಲಿ ಯಾರಿಗಾದರೂ ಅಪಸ್ಮಾರ ಇದ್ದರೆ ವೈದ್ಯರನ್ನು ಕೇಳಿಯೇ ಆಟಕ್ಕೆ ಬಿಡಿ. ನಿದ್ದೆಗೆಟ್ಟ ಮಗುವಿಗೆ ಅಪಾಯ ಇನ್ನೂ ಹೆಚ್ಚು.

ಸೆಳವು ಬಂದರೆ ಹೀಗೆ ಮಾಡಿ. ಸುತ್ತಲಿನ ಗಟ್ಟಿ ವಸ್ತುಗಳನ್ನು ಸರಿಸಿ. ತಲೆಯಡಿ ಮೆತ್ತಗಿನ ಬಟ್ಟೆ ಇಡಿ. ಮಗುವನ್ನು ಒಂದು ಮಗ್ಗುಲಿಗೆ ಹೊರಳಿಸಿ. ಬಾಯಿಗೆ ಚಮಚ, ನೀರು, ಬಟ್ಟೆ ಏನನ್ನೂ ತುರುಕಬೇಡಿ. ಕೈಯಲ್ಲಿ ಕಬ್ಬಿಣ ಅಥವಾ ಬೀಗದ ಕೈ ಹಿಡಿಸುವುದರಿಂದ ಪ್ರಯೋಜನವಿಲ್ಲ. ಗಡಿಯಾರ ನೋಡಿಕೊಳ್ಳಿ. ಐದು ನಿಮಿಷ ದಾಟಿದರೆ ತಕ್ಷಣ ಆಸ್ಪತ್ರೆಗೆ ಒಯ್ಯಿರಿ. ಮೊದಲ ಸಲದ ಸೆಳವಾಗಿದ್ದರೆ, ಬೇಗ ನಿಂತರೂ ವೈದ್ಯರಿಗೆ ತೋರಿಸಲೇಬೇಕು.

ಕೈ, ಕುತ್ತಿಗೆ, ಕಿವಿ

ಆಟದ ಹಿಡಿಕೆಯಲ್ಲಾಗಲಿ ಮೊಬೈಲಿನಲ್ಲಾಗಲಿ ಹೆಚ್ಚು ದುಡಿಯುವುದು ಹೆಬ್ಬೆರಳು. ಒಂದೇ ಚಲನೆಯನ್ನು ಸಾವಿರಾರು ಸಲ ಮಾಡಿದರೆ ಹೆಬ್ಬೆರಳ ಬುಡ ಮತ್ತು ಮಣಿಕಟ್ಟಿನ ಸ್ನಾಯುರಜ್ಜುಗಳು ಊದಿಕೊಂಡು ನೋಯುತ್ತವೆ. ಮಗು ಪೆನ್ಸಿಲು ಹಿಡಿಯುವಾಗ, ಬಾಟಲಿಯ ಮುಚ್ಚಳ ತಿರುಗಿಸುವಾಗ ನೋವೆಂದರೆ ಇದನ್ನು ನೆನಪಿಸಿಕೊಳ್ಳಿ. ಕೆಲವು ದಿನ ಆಟಕ್ಕೆ ರಜೆ ಕೊಟ್ಟರೆ ಸಾಮಾನ್ಯವಾಗಿ ಹಗುರವಾಗುತ್ತದೆ. ಕಡಿಮೆಯಾಗದಿದ್ದರೆ ವೈದ್ಯರಲ್ಲಿ ತೋರಿಸಿ.

ಚಾಪೆಯ ಮೇಲೆ ಹೊಟ್ಟೆಯಡಿಯಾಗಿ ಮಲಗಿ, ಕತ್ತು ಎತ್ತಿ ಆಡುವುದು ಬೇಡ. ಬೆನ್ನಿಗೆ ಆಸರೆ ಇರಲಿ, ಪಾದ ನೆಲಕ್ಕೆ ತಾಗಲಿ, ಪರದೆ ಕಣ್ಣಿನ ಮಟ್ಟಕ್ಕಿಂತ ತುಸುವೇ ಕೆಳಗಿರಲಿ. ಅರ್ಧ ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ನಡೆಯಲಿ.

ಕಿವಿಗೆ ಹೆಡ್‌ಫೋನ್ ಹಾಕಿ ಆಡುವ ಮಕ್ಕಳು ಹೆಚ್ಚು. ಸದ್ದಿನ ಮಟ್ಟ ಗರಿಷ್ಠದ 60 ಶೇಕಡಾ ದಾಟದಿರಲಿ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಪಕ್ಕದಲ್ಲಿ ನಿಂತು ಸಾಮಾನ್ಯ ದನಿಯಲ್ಲಿ ಕರೆದರೆ ಮಗುವಿಗೆ ಕೇಳಬೇಕು. ಕೇಳದಿದ್ದರೆ ಸದ್ದು ಜಾಸ್ತಿಯಾಯಿತೆಂದೇ ಅರ್ಥ. ದೊಡ್ಡ ಸದ್ದಿನಿಂದ ಕೆಟ್ಟ ಒಳಕಿವಿಯ ಕೋಶಗಳು ಮತ್ತೆ ಬೆಳೆಯುವುದಿಲ್ಲ.

ಶುಚಿತ್ವದ ನಾಲ್ಕು ಮಾತು

ವುಝೂ ಮಾಡಿ ದಿನಕ್ಕೆ ಐದು ಹೊತ್ತು ಕೈ, ಬಾಯಿ, ಮುಖ ತೊಳೆಯುವ ಮನೆಗಳು ನಮ್ಮವು. ಆದರೆ ತೊಳೆದ ಅದೇ ಕೈ ಮರುಕ್ಷಣ ಹಿಡಿಯುವ ವಸ್ತುವನ್ನು ತೊಳೆಯುವವರು ಕಡಿಮೆ. ಆಟದ ಹಿಡಿಕೆ, ಕೀಲಿಮಣೆ, ಮೊಬೈಲು ಅಣ್ಣನಿಂದ ತಮ್ಮನಿಗೆ, ತಮ್ಮನಿಂದ ಪಕ್ಕದ ಮನೆಯ ಗೆಳೆಯನಿಗೆ ಹೋಗುತ್ತಿರುತ್ತದೆ. ಬೆವರು, ಎಣ್ಣೆ, ಚಿಪ್ಸಿನ ಪುಡಿ, ಸೀನಿದ ಹನಿ ಎಲ್ಲವೂ ಅದರ ಮೇಲೆ.

ಒಂದು: ಆಟದ ಸಾಮಾನನ್ನು ವಾರಕ್ಕೆ ಎರಡು ಸಲವಾದರೂ ಒರೆಸಿ. ಮೊದಲು ಆರಿಸಿ, ವಯರು ಕಳಚಿ. 70 ಶೇಕಡಾದ ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ಮೆತ್ತನೆಯ ಬಟ್ಟೆಯನ್ನು ತುಸು ತೇವ ಮಾಡಿ ಒರೆಸಬಹುದು. ನೇರವಾಗಿ ಸಾಮಾನಿನ ಮೇಲೆ ಸುರಿಯಬಾರದು. ಟಿವಿಯ ಪರದೆಗೆ ಒಣ ಬಟ್ಟೆಯೇ ಸಾಕು.

ಎರಡು: ಆಡುತ್ತಾ ತಿನ್ನುವುದು ಬೇಡ. ಕೊಳೆ ಹೊಟ್ಟೆಗೆ ಹೋಗುವುದು ಒಂದು ಕಡೆ, ಎಷ್ಟು ತಿಂದೆನೆಂಬ ಲೆಕ್ಕ ತಪ್ಪುವುದು ಇನ್ನೊಂದು ಕಡೆ. ಕುಳಿತಲ್ಲೇ ಕರಿದದ್ದು, ಸಿಹಿ ಪಾನೀಯ ಸೇರಿದರೆ ಬೊಜ್ಜು ಬರುವುದು ತಡವಲ್ಲ.

ಮೂರು: ಮೂತ್ರ ಅಥವಾ ಮಲ ಬಂದರೆ ಹಿಡಿದಿಟ್ಟುಕೊಂಡು ಆಡುವ ಚಾಳಿ ಬಹಳ ಮಕ್ಕಳಲ್ಲಿದೆ. ಪಂದ್ಯದ ನಡುವೆ ಎದ್ದರೆ ಸೋಲು ಎಂಬ ಹೆದರಿಕೆ. ಇದರಿಂದ ಮಲಬದ್ಧತೆ, ಮೂತ್ರದ ಸೋಂಕು, ಬಟ್ಟೆ ಒದ್ದೆಯಾಗುವುದು ಎಲ್ಲ ಶುರುವಾಗುತ್ತದೆ. "ಆಟಕ್ಕೆ ಕೂರುವ ಮೊದಲು ಶೌಚಾಲಯ, ಒಂದು ಲೋಟ ನೀರು" ಎಂಬುದು ಮನೆಯ ನಿಯಮವಾಗಲಿ.

ನಾಲ್ಕು: ಕಿವಿಯೊಳಗೆ ತುರುಕುವ ಇಯರ್‌ಫೋನ್ ಒಬ್ಬರದ್ದು ಇನ್ನೊಬ್ಬರಿಗೆ ಬೇಡ. ಕಿವಿ ಸೋರುತ್ತಿದ್ದರೆ, ನೋಯುತ್ತಿದ್ದರೆ ಅದನ್ನು ಮುಟ್ಟಲೇಬಾರದು.

ನಿದ್ದೆ ಕಳೆದರೆ ಎಲ್ಲ ಕಳೆದಂತೆ

6ರಿಂದ 12 ವರ್ಷದ ಮಗುವಿಗೆ ದಿನಕ್ಕೆ 9ರಿಂದ 12 ಗಂಟೆ, 13ರಿಂದ 18 ವರ್ಷದವರಿಗೆ 8ರಿಂದ 10 ಗಂಟೆ ನಿದ್ದೆ ಬೇಕು. ಫಜ್ರ್‌ಗೆ ಎದ್ದು, ಮದ್ರಸಕ್ಕೆ ಹೋಗಿ, ಆಮೇಲೆ ಶಾಲೆಗೆ ಓಡುವ ನಮ್ಮ ಮಕ್ಕಳ ಲೆಕ್ಕ ಹಾಕಿ ನೋಡಿ. ಬೆಳಗ್ಗೆ ಐದೂವರೆಗೆ ಏಳುವ ಹತ್ತು ವರ್ಷದ ಹುಡುಗ ರಾತ್ರಿ ಎಂಟೂವರೆಗಾದರೂ ಮಲಗಿರಬೇಕು. ಹನ್ನೊಂದಕ್ಕೆ ಮಲಗಿದರೆ ದಿನವೂ ಎರಡೂವರೆ ಗಂಟೆಯ ಸಾಲ. ಆ ಸಾಲವನ್ನು ತರಗತಿಯಲ್ಲಿ ತೂಕಡಿಕೆ, ಸಿಡುಕು, ಮರೆವು ವಸೂಲು ಮಾಡುತ್ತವೆ. ನಂತರ ನಾವು "ಇವನಿಗೆ ಓದಿನಲ್ಲಿ ಮನಸ್ಸಿಲ್ಲ" ಎನ್ನುತ್ತೇವೆ.

ಪರದೆಯ ಬೆಳಕು ನಿದ್ದೆ ತರುವ ಮೆಲಟೋನಿನ್ ಎಂಬ ಹಾರ್ಮೋನನ್ನು ತಡೆಯುತ್ತದೆ. ಹೊಡೆದಾಟದ ಆಟ ಅದರ ಜೊತೆಗೆ ಎದೆಬಡಿತವನ್ನೂ ಏರಿಸುತ್ತದೆ. ಆಟ ಆರಿಸಿದ ಕೂಡಲೇ ಮೈ ತಣಿಯುವುದಿಲ್ಲ. ಮಲಗುವುದಕ್ಕೆ ಒಂದು ಗಂಟೆ ಮೊದಲು ಎಲ್ಲ ಪರದೆಗಳೂ ಆರಬೇಕು. ನಮ್ಮ ಮನೆಗಳಿಗೆ ಇದಕ್ಕೊಂದು ಸಿದ್ಧ ಗಡಿಯಾರವೇ ಇದೆ. ಮಗ್ರಿಬ್ ಬಾಂಗ್ ಆದರೆ ಆಟ ಮುಗಿಯಿತು ಎಂದು ತೀರ್ಮಾನಿಸಿ. ದಿನವೂ ಜಗಳವಾಡುವ ಬದಲು ದಿನವೂ ಬರುವ ಒಂದು ಹೊತ್ತನ್ನು ಗಡಿಯಾಗಿ ಇಟ್ಟುಕೊಂಡರೆ ಮಕ್ಕಳು ಬೇಗ ಒಗ್ಗುತ್ತಾರೆ. ಈ ನಿಯಮ ದೊಡ್ಡವರ ಮೊಬೈಲಿಗೂ ಇರಬೇಕು, ಇಲ್ಲದಿದ್ದರೆ ನಿಲ್ಲುವುದಿಲ್ಲ.

ಹೊಡೆದಾಟದ ಆಟ ಮಗುವನ್ನು ಹಿಂಸಾಚಾರಿಯನ್ನಾಗಿ ಮಾಡುತ್ತದೆಯೇ?

ಹೆತ್ತವರು ಹೆಚ್ಚು ಕೇಳುವ ಪ್ರಶ್ನೆ ಇದು. ಅಮೆರಿಕದ ಮನಶ್ಶಾಸ್ತ್ರಜ್ಞರ ಸಂಘ 2020ರಲ್ಲಿ ಲಭ್ಯ ಸಂಶೋಧನೆಗಳನ್ನು ಪರಿಶೀಲಿಸಿ ಹೇಳಿದ್ದು ಎರಡು ಮಾತು. ಹಿಂಸೆಯ ಆಟಗಳಿಗೂ ಕಿರುಚುವುದು, ತಳ್ಳುವುದು ಮುಂತಾದ ಆಕ್ರಮಣಕಾರಿ ನಡವಳಿಕೆಗೂ ಸಣ್ಣ ಮಟ್ಟದ ಸಂಬಂಧ ಕಾಣುತ್ತದೆ. ಆದರೆ ಗಂಭೀರ ಹಿಂಸಾಕೃತ್ಯಗಳಿಗೆ ಆಟವೇ ಕಾರಣ ಎನ್ನಲು ಸಾಕಷ್ಟು ಪುರಾವೆ ಇಲ್ಲ. ಹಾಗಾಗಿ ಆಟವಾಡುವ ಮಗುವನ್ನು ಗೂಂಡಾ ಎಂದು ಬೈಯುವುದು ತಪ್ಪು, ಏನೂ ಆಗುವುದಿಲ್ಲ ಎಂದು ಕೈಬಿಡುವುದೂ ತಪ್ಪು.

ಕಾರ್ಟೂನಿನ ಪೆಟ್ಟಿನಲ್ಲಿ ಇನ್ನೊಂದು ವಿಷಯವಿದೆ. ತಿಜೋರಿ ತಲೆಯ ಮೇಲೆ ಬಿದ್ದರೂ ಟಾಮ್ ಮರುಕ್ಷಣ ಎದ್ದು ಓಡುತ್ತಾನೆ. ಅದು ನಗುವಿಗಾಗಿ ಮಾಡಿದ್ದೆಂದು ದೊಡ್ಡ ಮಕ್ಕಳಿಗೆ ಗೊತ್ತು. ನಾಲ್ಕೈದು ವರ್ಷದ ಮಗುವಿಗೆ ಈ ಭೇದ ಚೆನ್ನಾಗಿ ತಿಳಿದಿರುವುದಿಲ್ಲ. ಅಣ್ಣ ಆಡುವುದನ್ನು ಪಕ್ಕದಲ್ಲಿ ಕುಳಿತು ನೋಡುವ ತಮ್ಮ ತಂಗಿಯರ ಬಗ್ಗೆ ಹೆಚ್ಚು ಎಚ್ಚರ ಬೇಕು. ಅವರು ಅದನ್ನು ತೊಟ್ಟಿಲಲ್ಲಿರುವ ಮಗುವಿನ ಮೇಲೆ ಪ್ರಯೋಗಿಸಬಹುದು. ವಿಶ್ವ ಆರೋಗ್ಯ ಸಂಸ್ಥೆಯ 2019ರ ಮಾರ್ಗಸೂಚಿಯಂತೆ ಒಂದು ವರ್ಷದೊಳಗಿನ ಮಗುವಿಗೆ ಪರದೆ ಬೇಡವೇ ಬೇಡ. ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು, ಕಡಿಮೆಯಿದ್ದಷ್ಟೂ ಒಳ್ಳೆಯದು. ಪ್ರತಿ ಆಟಕ್ಕೂ ಯಾವ ವಯಸ್ಸಿನವರಿಗೆ ಎಂಬ ಗುರುತು ಇರುತ್ತದೆ. ಪಾತ್ರದ ಮುಖ ನೋಡಿ ನಂಬಬೇಡಿ, ಆ ಗುರುತು ನೋಡಿ.

ಉಚಿತ ಎಂಬ ಮಾತಿನ ಬೆಲೆ

ಮಲ್ಟಿವರ್ಸಸ್ ಉಚಿತ ಆಟವಾಗಿತ್ತು. ಆದರೆ ಎಲ್ಲ ಪಾತ್ರಗಳೂ ಮೊದಲಿಗೇ ಸಿಗುತ್ತಿರಲಿಲ್ಲ. ಬಹಳ ಹೊತ್ತು ಆಡಿ ಗಳಿಸಬೇಕು, ಇಲ್ಲವೇ ಆಟದೊಳಗಿನ ಗ್ಲೀಮಿಯಂ ಎಂಬ ನಾಣ್ಯವನ್ನು ನಿಜವಾದ ಹಣ ಕೊಟ್ಟು ಕೊಳ್ಳಬೇಕು. ರೂಪಾಯಿಯನ್ನು ಇನ್ನೊಂದು ಹೆಸರಿನ ನಾಣ್ಯವಾಗಿ ಬದಲಿಸಿದಾಗ ಎಷ್ಟು ಖರ್ಚಾಯಿತೆಂಬುದು ಮಕ್ಕಳಿಗೆ ತಿಳಿಯುವುದಿಲ್ಲ, ದೊಡ್ಡವರಿಗೂ ತಿಳಿಯುವುದಿಲ್ಲ.

ಗಲ್ಫ್‌ನಲ್ಲಿ ದುಡಿಯುವ ತಂದೆ ಕಳಿಸಿದ ಹಣ, ಉಮ್ಮನ ಮೊಬೈಲಿನ ಪೇಮೆಂಟ್ ಆ್ಯಪ್, ಮಗುವಿಗೆ ಗೊತ್ತಿರುವ ಪಿನ್ ಸಂಖ್ಯೆ. ಈ ಮೂರು ಒಟ್ಟಾದರೆ ಏನಾಗಬಹುದೆಂದು ಹೇಳಬೇಕಾಗಿಲ್ಲ. ಪಿನ್ ಮಕ್ಕಳಿಗೆ ಹೇಳಬೇಡಿ. ಆಟದ ಖಾತೆಗೆ ಕಾರ್ಡು ಜೋಡಿಸಬೇಡಿ. ಖರೀದಿಗೆ ಪ್ರತಿ ಸಲವೂ ಪಾಸ್‌ವರ್ಡ್ ಕೇಳುವಂತೆ ಹೊಂದಿಸಿ. ಮಗು ಹಣ ಕಳೆದಿದ್ದರೆ, ಅದನ್ನು ಹೇಳಲು ಹೆದರದಂಥ ವಾತಾವರಣ ಮನೆಯಲ್ಲಿರಲಿ. ಹಣ ಹೋದದ್ದನ್ನು ಹೇಗಾದರೂ ತುಂಬಿಸಬಹುದು. ಹೆದರಿಕೆಯಿಂದ ಮುಚ್ಚಿಟ್ಟ ಮಗು ಒಳಗೊಳಗೇ ಕುಗ್ಗುತ್ತದೆ.

ಆನ್‌ಲೈನಿನಲ್ಲಿ ಅಪರಿಚಿತರೊಂದಿಗೆ ಆಡುವ ಆಟಗಳಲ್ಲಿ ಬೈಗುಳ, ಗೇಲಿ, ಕೆಲವೊಮ್ಮೆ ಕೆಟ್ಟ ಉದ್ದೇಶದ ಸ್ನೇಹವೂ ಬರುತ್ತದೆ. ಮಾತಿನ ಸೌಲಭ್ಯವಿದ್ದರೆ ಮುಚ್ಚಿಡಿ. ನಿಜವಾದ ಹೆಸರು, ಶಾಲೆ, ಊರು, ಫೋಟೋ ಯಾರಿಗೂ ಕೊಡಬಾರದೆಂದು ಕಲಿಸಿ. ಆಟದ ಸಾಮಾನು ಮಲಗುವ ಕೋಣೆಯಲ್ಲಿ ಬೇಡ, ಎಲ್ಲರೂ ಓಡಾಡುವ ಹಾಲ್‌ನಲ್ಲಿರಲಿ.

ಯಾವಾಗ ಇದು ಕಾಯಿಲೆ?

ಆಡುವ ಮಕ್ಕಳೆಲ್ಲ ರೋಗಿಗಳಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿಯ 11ನೇ ಆವೃತ್ತಿ 2022ರ ಜನವರಿ 1ರಿಂದ ಜಾರಿಗೆ ಬಂದಿದ್ದು, ಅದರಲ್ಲಿ ಗೇಮಿಂಗ್ ಡಿಸಾರ್ಡರ್ ಎಂಬ ತೊಂದರೆಯೂ ಸೇರಿದೆ. ಅದರ ಲಕ್ಷಣಗಳು ಮೂರು. ಆಟದ ಮೇಲೆ ಹತೋಟಿ ತಪ್ಪುವುದು. ಊಟ, ಓದು, ಗೆಳೆಯರು, ಇತರ ಆಸಕ್ತಿಗಳಿಗಿಂತ ಆಟವೇ ಮುಖ್ಯವಾಗುವುದು. ತೊಂದರೆಯಾಗುತ್ತಿದೆ ಎಂದು ಕಂಡರೂ ಮುಂದುವರಿಸುವುದು ಅಥವಾ ಹೆಚ್ಚಿಸುವುದು. ಇದರಿಂದ ಮನೆ, ಶಾಲೆ, ಸಂಬಂಧಗಳಲ್ಲಿ ಗಂಭೀರ ಹಾನಿ ಕಾಣಬೇಕು, ಸಾಮಾನ್ಯವಾಗಿ 12 ತಿಂಗಳಾದರೂ ಮುಂದುವರಿದಿರಬೇಕು.

ಅಂದರೆ ರಜೆಯಲ್ಲಿ ನಾಲ್ಕು ದಿನ ಹೆಚ್ಚು ಆಡಿದ್ದು ಕಾಯಿಲೆಯಲ್ಲ. ಆದರೆ ಮಗು ಶಾಲೆ ತಪ್ಪಿಸುತ್ತಿದ್ದರೆ, ರಾತ್ರಿ ಕದ್ದು ಆಡುತ್ತಿದ್ದರೆ, ಸುಳ್ಳು ಹೇಳುತ್ತಿದ್ದರೆ, ಆಟ ನಿಲ್ಲಿಸಿದರೆ ಹೊಡೆಯಲು ಬರುತ್ತಿದ್ದರೆ 12 ತಿಂಗಳು ಕಾಯಬೇಡಿ. ಕೆಲವೊಮ್ಮೆ ಆಟವೇ ಮೂಲ ಕಾರಣವಾಗಿರುವುದಿಲ್ಲ. ಶಾಲೆಯಲ್ಲಿ ಪೀಡಿಸುವವರು, ಮನೆಯ ಜಗಳ, ಪಾಠ ಅರ್ಥವಾಗದ ಅವಮಾನ, ಖಿನ್ನತೆ ಇವುಗಳಿಂದ ತಪ್ಪಿಸಿಕೊಳ್ಳಲು ಮಗು ಆಟದೊಳಗೆ ಅವಿತಿರುತ್ತದೆ. ಅಲ್ಲಿ ಆಟವನ್ನು ಮಾತ್ರ ಕಿತ್ತುಕೊಂಡರೆ ಗಾಯ ಹಾಗೇ ಉಳಿಯುತ್ತದೆ.

ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಇಂಥ ತೊಂದರೆಗಳಿಗಾಗಿಯೇ 2014ರಲ್ಲಿ ಶಟ್ ಕ್ಲಿನಿಕ್ ಎಂಬ ವಿಭಾಗ ಶುರುವಾಗಿದೆ. ದೂರದ ಊರಿನವರು ಸರಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಬಹುದು. ಇದು ಉಚಿತ, ದಿನದ 24 ಗಂಟೆಯೂ ಲಭ್ಯ, ಕನ್ನಡದಲ್ಲೂ ಮಾತನಾಡಬಹುದು. "ಜನ ಏನೆಂದುಕೊಳ್ಳುತ್ತಾರೋ" ಎಂಬ ಸಂಕೋಚ ಬೇಡ. ಜ್ವರ ಬಂದರೆ ಆಸ್ಪತ್ರೆಗೆ ಹೋಗುತ್ತೇವೆ, ಇದೂ ಹಾಗೆಯೇ.

ಮನೆಯಲ್ಲಿ ಮಾಡಬೇಕಾದದ್ದು

ಮೊದಲ ವಾರ ನಿಯಮ ಹಾಕಬೇಡಿ. ಮಗುವಿನ ಪಕ್ಕದಲ್ಲಿ ಕುಳಿತು ಒಂದು ಪಂದ್ಯ ನೋಡಿ, ಸಾಧ್ಯವಾದರೆ ನೀವೂ ಆಡಿ. ಸೋಲುತ್ತೀರಿ, ಮಕ್ಕಳು ನಗುತ್ತಾರೆ, ಅದರಿಂದ ನಷ್ಟವಿಲ್ಲ. ಮಗುವಿಗೆ ಅದರಲ್ಲಿ ಏನು ಇಷ್ಟ, ಯಾರೊಂದಿಗೆ ಆಡುತ್ತಾನೆ, ಎಷ್ಟು ಹೊತ್ತು ಎಂಬುದನ್ನು ಒಂದು ಚೀಟಿಯಲ್ಲಿ ಬರೆದಿಡಿ.

ಎರಡನೇ ವಾರ ಎಲ್ಲರೂ ಕುಳಿತು ಮಾತಾಡಿ ಹೊತ್ತು ನಿಗದಿ ಮಾಡಿ. ನಿಮಿಷದ ಲೆಕ್ಕಕ್ಕಿಂತ ಪಂದ್ಯದ ಲೆಕ್ಕ ಮಕ್ಕಳಿಗೆ ಸುಲಭ. "ಇಷ್ಟು ಪಂದ್ಯ, ಆಮೇಲೆ ನೀನೇ ಆರಿಸು" ಎನ್ನಿ. ಪಂದ್ಯದ ನಡುವೆ ಸ್ವಿಚ್ಚು ಆರಿಸಬೇಡಿ. ಜೊತೆಗಾರನನ್ನು ಅರ್ಧದಲ್ಲಿ ಬಿಟ್ಟು ಹೋದ ಅವಮಾನ ಮಗುವಿಗೆ ದೊಡ್ಡದು, ಸಿಟ್ಟು ಅಲ್ಲಿಂದಲೇ ಹುಟ್ಟುತ್ತದೆ. "ಇದು ಕೊನೆಯದ್ದು" ಎಂದು ಮೊದಲೇ ಹೇಳಿ, ಮುಗಿಯುವವರೆಗೆ ನಿಂತುಕೊಳ್ಳಿ.

ಮೂರನೇ ವಾರದಿಂದ ಖಾಲಿಯಾದ ಹೊತ್ತಿಗೆ ಬೇರೆ ಏನಾದರೂ ತುಂಬಿಸಿ. ಸೈಕಲ್ಲು, ಕಬಡ್ಡಿ, ಕೇರಂ, ಅಡುಗೆಯಲ್ಲಿ ಸಹಾಯ, ಅಜ್ಜಿಯ ಮನೆಗೆ ಭೇಟಿ. ಆಟ ಕಿತ್ತುಕೊಂಡು ಸುಮ್ಮನೆ ಕೂರಿಸಿದರೆ ಮಗು ಮತ್ತೆ ಅದನ್ನೇ ಹುಡುಕುತ್ತದೆ. ಆಟವನ್ನು ಓದಿನ ಬಹುಮಾನವಾಗಿಯೂ ಬಳಸಬೇಡಿ, ಆಗ ಅದರ ಬೆಲೆ ಮಗುವಿನ ಮನಸ್ಸಿನಲ್ಲಿ ಇನ್ನೂ ಏರುತ್ತದೆ.

ಇನ್ನೊಂದು ಮಾತು ಮಕ್ಕಳಿಗೆ ಹೇಳಿ. 2025ರ ಜನವರಿ ಕೊನೆಯಲ್ಲಿ ಮಲ್ಟಿವರ್ಸಸ್ ನಿಲ್ಲಿಸುವ ಪ್ರಕಟಣೆ ಬಂತು. ಪೂರ್ಣ ರೂಪದಲ್ಲಿ ಬಂದು ಕೇವಲ ಒಂದು ವರ್ಷವಾಗುವಾಗ, 2025ರ ಮೇ 30ರಂದು ಅದರ ಸರ್ವರ್‌ಗಳನ್ನು ಮುಚ್ಚಲಾಯಿತು. ಆ ಮೊದಲೇ ಆಟವನ್ನು ಇಳಿಸಿಕೊಂಡು ಲಾಗಿನ್ ಆಗಿದ್ದವರು ಮನೆಯಲ್ಲೇ ಒಬ್ಬರೇ ಅಥವಾ ಒಟ್ಟಿಗೆ ಕುಳಿತು ಆಡುವುದಕ್ಕೆ ಮಾತ್ರ ಅವಕಾಶ ಉಳಿಯಿತು. ದೂರದವರೊಂದಿಗಿನ ಪಂದ್ಯಗಳು ಹೋದವು. ನಿದ್ದೆಗೆಟ್ಟು ಏರಿದ ಮೆಟ್ಟಿಲುಗಳಿಂದ ಇನ್ನು ಪ್ರಯೋಜನವಿಲ್ಲ. ಕಣ್ಣು, ಕಿವಿ, ಬೆನ್ನು, ನಿದ್ದೆ ಮಾತ್ರ ಮಗುವಿನೊಂದಿಗೆ ಅರುವತ್ತು ಎಪ್ಪತ್ತು ವರ್ಷ ಬರಬೇಕಾದವು. ಕೊನೆಗೆ ಉಳಿದದ್ದು ಒಂದೇ ಕೋಣೆಯಲ್ಲಿ ಅಣ್ಣ ತಮ್ಮಂದಿರು ಪಕ್ಕಪಕ್ಕ ಕುಳಿತು ಆಡಬಹುದಾದ ಆಟ ಎಂಬುದನ್ನೂ ಗಮನಿಸಿ.

ಈ ವಾರ ಮನೆಯವರೆಲ್ಲ ಕುಳಿತು ಉತ್ತರಿಸಿ

1. ನಮ್ಮ ಮನೆಯಲ್ಲಿ ಪ್ರತಿಯೊಬ್ಬರೂ ಎಷ್ಟು ಗಂಟೆ ಮಲಗುತ್ತೇವೆ? ವಯಸ್ಸಿಗೆ ತಕ್ಕಷ್ಟು ಇದೆಯೇ?
2. ನಿನ್ನೆ ಮಕ್ಕಳು ಹಗಲು ಬೆಳಕಿನಲ್ಲಿ ಎಷ್ಟು ಹೊತ್ತು ಹೊರಗಿದ್ದರು?
3. ಆಟದ ಸಾಮಾನು, ಮೊಬೈಲು ಕೊನೆಯ ಸಲ ಒರೆಸಿದ್ದು ಯಾವಾಗ?
4. ಮಗುವಿಗೆ ನಮ್ಮ ಪೇಮೆಂಟ್ ಪಿನ್ ಗೊತ್ತಿದೆಯೇ?
5. ಮಗು ಆಡುವ ಆಟದ ವಯಸ್ಸಿನ ಗುರುತು ಏನು? ಅದರಲ್ಲಿ ಅಪರಿಚಿತರು ಮಾತಾಡಬಹುದೇ?
6. ಮಗ್ರಿಬ್ ಬಳಿಕ ಯಾರ ಕೈಯಲ್ಲಿ ಪರದೆ ಇರುತ್ತದೆ? ಉಮ್ಮ, ಉಪ್ಪನನ್ನೂ ಸೇರಿಸಿ ಉತ್ತರಿಸಿ.

ಆರನೆಯ ಪ್ರಶ್ನೆಗೆ ಪ್ರಾಮಾಣಿಕ ಉತ್ತರ ಸಿಕ್ಕ ಮನೆಯಲ್ಲಿ ಉಳಿದ ಐದನ್ನು ಸರಿಪಡಿಸುವುದು ಕಷ್ಟವಾಗಲಾರದು.